ಹಣ್ಣಾದ ಹುಳು ಗುರುತಿಸದ ಕಣ್ಣು: ಒಂಬತ್ತು ವರ್ಷದ ಬಾಲಕಿಯ ದೃಷ್ಟಿನರದ ಉರಿಯೂತ – ಒಂದು ಪ್ರಕರಣ ಅಧ್ಯಯನ

ಈ ಪ್ರಕರಣವನ್ನು ಬರೆಯಲು ಮಗುವಿನ ತಂದೆತಾಯಿ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಊರಿನ ಹೆಸರನ್ನೂ ಆಸ್ಪತ್ರೆಗಳ ಹೆಸರನ್ನೂ ಬಿಟ್ಟು, ಮನೆಯ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ರೋಗದ ನಡಿಗೆ, ನಾವು ತೆಗೆದುಕೊಂಡ ತೀರ್ಮಾನಗಳು ಮತ್ತು ಎಡವಿದ ಜಾಗಗಳು ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಬಾಲಕಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ರೇಷ್ಮೆ ಕುಟುಂಬದವಳು, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಳು. ಅದುವರೆಗೆ ಕನ್ನಡಕ ಹಾಕಿದವಳಲ್ಲ. ಶಾಲೆಯ ಕಣ್ಣಿನ ತಪಾಸಣೆಯಲ್ಲಿ ಹಿಂದಿನ ವರ್ಷವಷ್ಟೇ ಎರಡೂ ಕಣ್ಣಿನ ದೃಷ್ಟಿ 6/6, ಅಂದರೆ ಪೂರ್ಣ, ಎಂದು ದಾಖಲಾಗಿತ್ತು (ಕೆಳಗಿನ ಅಂಕಿ ಏರಿದಷ್ಟೂ ದೃಷ್ಟಿ ಕಡಿಮೆ). ಹುಳು ಹಣ್ಣಾಗುವ ಎರಡು ದಿನ ಮನೆಯವರೆಲ್ಲ ಕೈಜೋಡಿಸುವುದು ಆ ಕಡೆಯ ರೂಢಿ. ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಬಿಳಿಯ ಮೈ ತಿಳಿ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗು ಕಾಣುವಂತಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ, ಬಿಡಬೇಕು. ಹಣ್ಣಾಗದ ಹುಳುವನ್ನು ಬಿಟ್ಟರೆ ಅದು ಗೂಡು ಕಟ್ಟದೆ ಅಲೆಯುತ್ತದೆ. ಈ ಹುಡುಗಿ ಆರು ವರ್ಷದವಳಿದ್ದಾಗಿನಿಂದ ಆ ಕೆಲಸದಲ್ಲಿ ಚುರುಕು ಎಂದು ಅಜ್ಜಿ ಹೇಳುತ್ತಿದ್ದರು. ಆ ಭಾನುವಾರ ಮಾತ್ರ ಅವಳು ಹಣ್ಣಾದದ್ದನ್ನೂ ಆಗದ್ದನ್ನೂ ಬೆರೆಸಿ ಚಂದ್ರಿಕೆಗೆ ಹಾಕಿದಳು. ಬೈದದ್ದಕ್ಕೆ, ‘ಎಲ್ಲಾ ಒಂದೇ ಬಣ್ಣ ಇವೆಯಲ್ಲಜ್ಜಿ’ ಎಂದಳಂತೆ.

ರೋಗದ ಮೊದಲ ಲಕ್ಷಣವನ್ನು ಅವಳು ಅಲ್ಲಿಯೇ ಅಷ್ಟು ನಿಖರವಾಗಿ ಹೇಳಿಬಿಟ್ಟಿದ್ದಳು. ದೃಷ್ಟಿನರಕ್ಕೆ ಉರಿಯೂತ ಬಂದಾಗ ಅಕ್ಷರದ ಚೂಪು ಕುಗ್ಗುವುದಕ್ಕಿಂತ ಮೊದಲೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಬಣ್ಣದ ಗಾಢತೆ ಮತ್ತು ಒಂದು ಛಾಯೆಗೂ ಪಕ್ಕದ ಛಾಯೆಗೂ ಇರುವ ಅಂತರ ಕುಗ್ಗುತ್ತದೆ. ದೊಡ್ಡವರು ಇದನ್ನು ದೂರಾಗಿ ಹೇಳಿಕೊಳ್ಳುತ್ತಾರೆ. ಮಕ್ಕಳು ಹೇಳಿಕೊಳ್ಳುವುದು ಅಪರೂಪ. ತಮಗೆ ಕಾಣುತ್ತಿರುವುದೇ ಲೋಕ ಎಂದುಕೊಂಡು ಹೊಂದಿಕೊಂಡುಬಿಡುತ್ತಾರೆ. ಹೊಸ್ತಿಲಿಗೆ ಎಡವಿದಾಗ, ಟಿ.ವಿ.ಗೆ ಮುಖ ತಾಗಿಸಿ ಕುಳಿತಾಗ ಮನೆಯವರಿಗೆ ಅನುಮಾನ ಬರುತ್ತದೆ.

ಕಳೆದುಹೋದ ಐದು ದಿನ

ಮರುದಿನ ತಂದೆ ಅವಳನ್ನು ಪಟ್ಟಣದ ಒಂದು ಕಣ್ಣಿನ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋದರು. ಚಿಕ್ಕ ಮಕ್ಕಳ ಕನ್ನಡಕದ ನಂಬರು ಸರಿಯಾಗಿ ಸಿಗಬೇಕಾದರೆ ಮೂರು ದಿನ ಪಾಪೆ ಹಿಗ್ಗಿಸುವ ಅಟ್ರೋಪಿನ್ ಮುಲಾಮು ಹಾಕಿ ಪರೀಕ್ಷಿಸುವುದು ಒಪ್ಪಿತವಾದ ಪದ್ಧತಿ. ಅಲ್ಲಿಯೂ ಅದನ್ನೇ ಕೊಟ್ಟರು. ಮುಲಾಮು ಹಾಕಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಹಾಗಾಗಿ ಆ ಮೂರು ದಿನಗಳಲ್ಲಿ ಬಲಗಣ್ಣಿನ ದೃಷ್ಟಿ ಬಹುಪಾಲು ಹೋದದ್ದನ್ನು ಮನೆಯವರು ಮುಲಾಮಿನ ಪ್ರಭಾವವೆಂದೇ ತಿಳಿದರು. ಮತ್ತೆ ತೋರಿಸಿದಾಗ ಯಾವ ಗಾಜು ಇಟ್ಟರೂ ದೃಷ್ಟಿ ಏಳಲಿಲ್ಲ. ಮಗು ಶಾಲೆ ತಪ್ಪಿಸಲು ನಟಿಸುತ್ತಿರಬಹುದು ಎಂಬ ಮಾತು ಬಂತು. ಮಕ್ಕಳಲ್ಲಿ ಮನಸ್ಸಿನ ಒತ್ತಡದಿಂದ ‘ಕಾಣುತ್ತಿಲ್ಲ’ ಎನ್ನುವುದು ಇಲ್ಲದ ಸಂಗತಿಯೇನಲ್ಲ. ಆದರೆ ಆ ತೀರ್ಮಾನ ದೃಷ್ಟಿನರವನ್ನು ಪರೀಕ್ಷಿಸಿದ ನಂತರ ಬರಬೇಕು. ಅದಕ್ಕೆ ಮೊದಲು ಬಂದರೆ ಹುಡುಕಾಟವೇ ನಿಂತುಹೋಗುತ್ತದೆ.

ಆರನೇ ದಿನ ಅವಳು ನನ್ನ ಬಳಿ ಬಂದಾಗ ಬಲಗಣ್ಣಿನಲ್ಲಿ ಒಂದು ಮೀಟರ್ ದೂರದ ಬೆರಳು ಎಣಿಸುವಷ್ಟು ದೃಷ್ಟಿ ಉಳಿದಿತ್ತು, ಎಡಗಣ್ಣು 6/18. ಕಣ್ಣನ್ನು ಮೇಲಕ್ಕೂ ಪಕ್ಕಕ್ಕೂ ತಿರುಗಿಸಿದರೆ ಒಳಗೆ ನೋಯುತ್ತದೆ ಎಂದಳು. ದೃಷ್ಟಿನರದ ಕಾಯಿಲೆಗೆ ನಾವು ಮೊದಲು ನೆಚ್ಚುವುದು ಟಾರ್ಚಿನ ಪರೀಕ್ಷೆಯನ್ನು: ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತಾ ಹೋದಾಗ, ನರ ದುರ್ಬಲವಾದ ಕಡೆಯ ಪಾಪೆ ಕುಗ್ಗುವ ಬದಲು ಅಗಲವಾಗುತ್ತದೆ. ಮಗು ನಟಿಸಬಲ್ಲದು, ಪಾಪೆ ನಟಿಸಲಾರದು. ಆದರೆ ಅಟ್ರೋಪಿನ್ನಿನ ಪ್ರಭಾವ ಒಂದು ವಾರ, ಹತ್ತು ದಿನ ಉಳಿಯುವುದರಿಂದ ಅವಳ ಎರಡು ಪಾಪೆಗಳೂ ಅಗಲವಾಗಿ ನಿಂತಿದ್ದವು. ಆ ಪರೀಕ್ಷೆ ನಮಗೆ ಸಿಗಲೇ ಇಲ್ಲ. ಕಣ್ಣಿಗೆ ಯಾವ ಹನಿಯನ್ನಾದರೂ, ಮುಲಾಮನ್ನಾದರೂ ಹಾಕುವ ಮೊದಲು ಅರ್ಧ ನಿಮಿಷ ಟಾರ್ಚು ಹಿಡಿದು ಪಾಪೆ ನೋಡಿ ಚೀಟಿಯಲ್ಲಿ ಬರೆಯಬೇಕೆಂದು ನಾನು ತರಬೇತಿಯ ಹುಡುಗರಿಗೆ ಇಷ್ಟು ಒತ್ತಿ ಹೇಳುವುದಕ್ಕೆ ಈ ಮಗುವೇ ಕಾರಣ.

ಉಳಿದದ್ದು ಬಣ್ಣ. ಪಾಪೆ ಹಿಗ್ಗಿಸುವ ಔಷಧದ ಸೀಸೆಗೆ ಕೆಂಪು ಮುಚ್ಚಳವಿರುತ್ತದೆ. ಅದನ್ನು ಒಂದೊಂದು ಕಣ್ಣಿಗೂ ಬೇರೆಬೇರೆಯಾಗಿ ತೋರಿಸಿ ಏನು ಬಣ್ಣ ಎಂದು ಕೇಳಿದೆ. ಎಡಗಣ್ಣಿಗೆ ‘ಕುಂಕುಮ’ ಎಂದಳು, ಬಲಗಣ್ಣಿಗೆ ‘ಇಟ್ಟಿಗೆ ಪುಡಿ’ ಎಂದಳು. ಒಳಗಣ್ಣು ನೋಡಿದಾಗ ಎರಡೂ ಕಡೆ ನರದ ತಲೆ ಊದಿತ್ತು, ಬಲಕ್ಕೆ ಹೆಚ್ಚು. ಅಂಚಿನಲ್ಲಿ ಒಂದು ಸಣ್ಣ ರಕ್ತಗೀರು. ಎರಡೂ ಕಣ್ಣಿನ ನರದ ತಲೆ ಊದಿರುವ ಮಗುವಿನಲ್ಲಿ ಮೆದುಳಿನ ಒತ್ತಡ ಏರಿರುವುದನ್ನು ಮೊದಲು ನೆನೆಯಲೇಬೇಕು. ಆದರೆ ಒತ್ತಡದಿಂದ ಊದಿದಾಗ ದೃಷ್ಟಿ ಸಾಮಾನ್ಯವಾಗಿ ತುಂಬಾ ದಿನ ಉಳಿದುಕೊಳ್ಳುತ್ತದೆ, ಉರಿಯೂತದಿಂದ ಊದಿದಾಗ ಮೊದಲೇ ಬೀಳುತ್ತದೆ. ಐದೇ ದಿನದಲ್ಲಿ ಇಷ್ಟು ಬಿದ್ದ ದೃಷ್ಟಿ, ಕಣ್ಣು ತಿರುಗಿಸಿದರೆ ಬರುವ ನೋವು, ಮಾಸಿದ ಕೆಂಪು ಮೂರೂ ಉರಿಯೂತದ ಕಡೆಗೇ ಬೊಟ್ಟು ಮಾಡಿದವು.

ಒಂದು ಪ್ರಶ್ನೆಯನ್ನು ಆ ಸೀಮೆಯವಳಾದ್ದರಿಂದ ಕೇಳಿದೆ. ಹುಳು ಮನೆಯನ್ನು ತೊಳೆದ ಮೇಲೆ ರೋಗಾಣು ಕೊಲ್ಲಲು ಫಾರ್ಮಲಿನ್ ಸಿಂಪಡಿಸುವ ಮನೆಗಳು ಇನ್ನೂ ಇವೆ, ಫಾರ್ಮಲಿನ್ನಿನಲ್ಲಿ ಮೆಥನಾಲ್ ಬೆರೆತಿರುತ್ತದೆ, ಮೆಥನಾಲ್ ಹೊಟ್ಟೆಗೆ ಹೋದರೆ ದೃಷ್ಟಿನರ ಸುಟ್ಟಂತಾಗುತ್ತದೆ. ಆ ಮನೆಯಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಮಾತ್ರ ಬಳಸುತ್ತಿದ್ದರು. ವಾಂತಿಯಾಗಲಿ ಉಸಿರಾಟದ ಕಷ್ಟವಾಗಲಿ ಮಗುವಿಗೆ ಇರಲಿಲ್ಲ. ಆ ದಾರಿ ಅಲ್ಲಿಗೆ ಮುಚ್ಚಿತು.

ಮಾತ್ರೆ ಕೊಡದೆ ಕಳಿಸಿದ್ದು

ಮಾರನೆಯ ದಿನ ಗೂಡು ಮಾರುಕಟ್ಟೆಗೆ ಹೋಗಬೇಕಿತ್ತು. ಬಿಡಿಸಿದ ಗೂಡನ್ನು ಇಟ್ಟುಕೊಂಡರೆ ಚಿಟ್ಟೆ ಹೊರಬಂದು ಬೆಳೆಯೇ ಹಾಳು. ‘ಇಲ್ಲೇ ಮಾತ್ರೆ ಕೊಡಿ ಮೇಡಂ, ಗೂಡು ಮಾರಿದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗ್ತೀನಿ’ ಎಂದು ತಂದೆ ಕೇಳಿಕೊಂಡರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಪ್ರೆಡ್ನಿಸೊಲೋನ್ ಎಂಬ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ನನ್ನ ಕೈಯಳತೆಯಲ್ಲೇ ಇತ್ತು, ನನಗೂ ಒಂದು ಕ್ಷಣ ಮನಸ್ಸು ಆ ಕಡೆ ಜಾರಿತು.

ಕೊಡದಿರಲು ಮೂರು ಕಾರಣಗಳಿದ್ದವು. 1992ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ, 18ರಿಂದ 46 ವರ್ಷದೊಳಗಿನ 457 ರೋಗಿಗಳ ಪೈಕಿ, ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಪಡೆದವರ ದೃಷ್ಟಿ ಬೇಗ ಚೇತರಿಸಿತು; ಸಾಧಾರಣ ಪ್ರಮಾಣದ ಮಾತ್ರೆ ಮಾತ್ರ ಪಡೆದವರಲ್ಲಿ ರೋಗ ಮರುಕಳಿಸಿದ್ದು ಹೆಚ್ಚಾಯಿತು. ಮಕ್ಕಳಲ್ಲಿ ಅಂಥ ದೊಡ್ಡ ಪ್ರಯೋಗ ನಡೆದಿಲ್ಲ, ದೊಡ್ಡವರಿಂದ ಕಲಿತದ್ದನ್ನೇ ತೂಕಕ್ಕೆ ತಕ್ಕಂತೆ ಅಳವಡಿಸಿಕೊಳ್ಳುತ್ತೇವೆ. ಎರಡನೆಯದಾಗಿ, ಕ್ಷಯ, ಗಡ್ಡೆ, ರಕ್ತದ ಕ್ಯಾನ್ಸರ್ ಇವೆಲ್ಲವೂ ಮಗುವಿನ ದೃಷ್ಟಿನರವನ್ನು ಊದಿಸಬಲ್ಲವು. ಸ್ಕ್ಯಾನ್ ಚಿತ್ರವಾಗಲಿ ರಕ್ತಪರೀಕ್ಷೆಯಾಗಲಿ ಇಲ್ಲದೆ ಸ್ಟೀರಾಯ್ಡ್ ಕೊಟ್ಟರೆ ಅವು ಕೆಲಕಾಲ ಮರೆಯಾಗಿ, ಆಮೇಲೆ ಇನ್ನೂ ಕೆಟ್ಟ ರೂಪದಲ್ಲಿ ಬರುತ್ತವೆ. ಮೂರನೆಯದಾಗಿ, ಪ್ರತಿಕಾಯದ (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನಿನ) ಪರೀಕ್ಷೆಗೆ ರಕ್ತವನ್ನು ಚಿಕಿತ್ಸೆಗೆ ಮೊದಲೇ ತೆಗೆದಿಟ್ಟರೆ ಫಲಿತಾಂಶ ನೆಚ್ಚಿಕೆಯದಾಗುತ್ತದೆ. ಕೊನೆಗೆ ಅಜ್ಜಿಯೇ ದಾರಿ ಹುಡುಕಿದರು: ಮಗ ಗೂಡಿನ ಜೊತೆ ಮಾರುಕಟ್ಟೆಗೆ, ತಾನೂ ಸೊಸೆಯೂ ಮಗುವಿನ ಜೊತೆ ಬೆಂಗಳೂರಿಗೆ. ಅವತ್ತು ರಾತ್ರಿಯೇ ಹೊರಟರು.

‘ನಾಲ್ಕು ಜ್ವರ’

ಮರುದಿನ ಮಧ್ಯಾಹ್ನ ಬೆಂಗಳೂರಿನ ವಾರ್ಡಿನಿಂದ ವೈದ್ಯರೊಬ್ಬರು ಫೋನ್ ಮಾಡಿದರು. ನನ್ನ ಪತ್ರದಲ್ಲಿ ‘ದೃಷ್ಟಿ ಹೋಗುವ ಮೊದಲು ನಾಲ್ಕು ಬಾರಿ ಜ್ವರ’ ಎಂದಿತ್ತು. ಮತ್ತೆ ಮತ್ತೆ ಬರುವ ಜ್ವರ, ತಲೆನೋವು, ಊದಿದ ನರ ಎಂದರೆ ಕ್ಷಯದ ಮೆದುಳುಪೊರೆಯ ಉರಿಯೂತವನ್ನು ತಳ್ಳಿಹಾಕದೆ ಸ್ಟೀರಾಯ್ಡ್ ಮುಟ್ಟುವಂತಿಲ್ಲ. ಜ್ವರದ ತಾರೀಖುಗಳನ್ನು ಕೊಡಿ ಎಂದರು. ನಾನು ಟಿಪ್ಪಣಿ ತೆಗೆದು ನೋಡಿದೆ. ನನ್ನ ಸಹಾಯಕ ಬರೆದುಕೊಂಡದ್ದು, ನಾನು ಪ್ರಶ್ನಿಸದೆ ಪತ್ರಕ್ಕೆ ಇಳಿಸಿದ್ದು, ಅಜ್ಜಿಯ ಒಂದು ವಾಕ್ಯ: ‘ನಾಲ್ಕನೇ ಜ್ವರ ಎದ್ದಾಗಿನಿಂದ ತಲೆನೋವು ಅಂತಿದ್ಲು.’

ರೇಷ್ಮೆ ಸಾಕುವವರ ಮಾತಿನಲ್ಲಿ ಜ್ವರವೆಂದರೆ ಹುಳು ಪೊರೆ ಕಳಚುವ ಹೊತ್ತು. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ‘ಜ್ವರಕ್ಕೆ ಕೂತಿವೆ’ ಎನ್ನುತ್ತಾರೆ. ಮೊಟ್ಟೆಯೊಡೆದಲ್ಲಿಂದ ಗೂಡು ಕಟ್ಟುವವರೆಗೆ ಹುಳುವಿಗೆ ನಾಲ್ಕು ಜ್ವರ. ಅಜ್ಜಿ ಮಗುವಿನ ಕಾಯಿಲೆಯನ್ನು ಹೇಳಿರಲಿಲ್ಲ, ದಿನವನ್ನು ಹೇಳಿದ್ದರು. ನಾಲ್ಕನೇ ಜ್ವರ ಎದ್ದು ಸುಮಾರು ಒಂದು ವಾರಕ್ಕೆ ಹುಳು ಹಣ್ಣಾಗುವುದರಿಂದ, ತಲೆನೋವು ಶುರುವಾಗಿ ಒಂದು ವಾರಕ್ಕೆ ಬಣ್ಣ ಮಾಸಿತು ಎಂಬ ತೀರ ಕರಾರುವಾಕ್ಕಾದ ಲೆಕ್ಕ ಅದು. ಫೋನನ್ನು ಅಜ್ಜಿಯ ಕೈಗೆ ಕೊಡಿಸಿ ಮತ್ತೆ ಕೇಳಿದಾಗ ಮಗುವಿಗೆ ಬಂದದ್ದು ಒಂದೇ ಸಲ, ಮೂರು ವಾರದ ಹಿಂದೆ ಶೀತ ಗಂಟಲುನೋವಿನ ಜೊತೆ ಎರಡು ದಿನದ ಜ್ವರ ಎಂದು ಗೊತ್ತಾಯಿತು. ಹಾಗಿದ್ದರೂ ಕ್ಷಯದ ತಪಾಸಣೆಯನ್ನು ಬಿಡಲಿಲ್ಲ, ಬಿಡಬಾರದು. ಎದೆಯ ಎಕ್ಸ್‌ರೇ, ಚರ್ಮದ ಪರೀಕ್ಷೆ, ಬೆನ್ನುಹುರಿಯ ನೀರಿನ ಪರೀಕ್ಷೆ ನಡೆದವು. ಆದರೆ ತಪ್ಪು ತಿಳಿವಳಿಕೆಯ ಮೇಲೆ ಚಿಕಿತ್ಸೆ ಇನ್ನಷ್ಟು ದಿನ ಮುಂದೂಡುವುದು ತಪ್ಪಿತು. ಈ ಸೀಮೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿಯೂ ಆ ಪದ ನನ್ನ ಕಿವಿಗೆ ಬಿದ್ದು ಅರ್ಥಕ್ಕೆ ಬೀಳದೆ ಹೋದದ್ದು ನನ್ನನ್ನು ತುಂಬಾ ದಿನ ಕಾಡಿತು.

ಚಿಕಿತ್ಸೆ, ಮರುಕಳಿಕೆ

ಎಂಆರ್‌ಐ ಚಿತ್ರದಲ್ಲಿ ಬಲ ದೃಷ್ಟಿನರ ಕಣ್ಣುಗುಡ್ಡೆಯ ಹಿಂಬದಿಯಿಂದ ಉದ್ದಕ್ಕೂ ಊದಿತ್ತು, ನರದ ಹೊದಿಕೆಯೂ ಚಿತ್ರಕ್ಕೆಂದು ರಕ್ತನಾಳಕ್ಕೆ ಕೊಟ್ಟ ಬಣ್ಣವನ್ನು ಹೀರಿತ್ತು; ಎಡಕ್ಕೆ ಮುಂಭಾಗ ಮಾತ್ರ. ಮೆದುಳು ಶುದ್ಧವಾಗಿತ್ತು. ಬೆನ್ನುಹುರಿಯ ನೀರಿನಲ್ಲಿ ಕೆಲವು ಕಣಗಳು, ಕ್ಷಯದ ಸುಳಿವಿಲ್ಲ. 24 ಕಿಲೋ ತೂಕದ ಮಗುವಿಗೆ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು ರಕ್ತನಾಳದ ಮೂಲಕ ಕಿಲೋಗೆ ಸುಮಾರು 30 ಮಿಲಿಗ್ರಾಂ ಲೆಕ್ಕದಲ್ಲಿ, ದಿನಕ್ಕೆ 700 ಮಿಲಿಗ್ರಾಂನಂತೆ ಐದು ದಿನ ಕೊಟ್ಟರು. ಮೂರನೇ ದಿನ ಅವಳು ಮಂಚದ ತುದಿಯಲ್ಲಿ ನಿಂತ ತಾಯಿಯ ಸೀರೆಯ ಅಂಚನ್ನು ಬಲಗಣ್ಣಿನಿಂದ ಗುರುತಿಸಿದಳು. ಮನೆಗೆ ಹೊರಟ ದಿನ ಬಲಗಣ್ಣು 6/24, ಮೂರು ವಾರಕ್ಕೆ 6/9.

ಅಷ್ಟರಲ್ಲಿ ರಕ್ತದ ವರದಿ ಬಂತು: ಎಂಒಜಿ ಪ್ರತಿಕಾಯ ಸ್ಪಷ್ಟವಾಗಿ ಇದೆ, ದೃಷ್ಟಿನರಕ್ಕೇ ಎರಗುವ ಇನ್ನೊಂದು ಕಾಯಿಲೆಯನ್ನು ಸೂಚಿಸುವ ಅಕ್ವಾಪೊರಿನ್-4 ಪ್ರತಿಕಾಯ ಇಲ್ಲ. ಎಂಒಜಿ ಎಂಬುದು ನರತಂತುವಿನ ಮೇಲಿನ ಮಯಲಿನ್ ಹೊದಿಕೆಯ ಹೊರಮೈಯಲ್ಲಿರುವ ಒಂದು ಪ್ರೋಟೀನು. ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಅದರ ಮೇಲೆಯೇ ಎರಗುತ್ತದೆ. ಮಕ್ಕಳ ದೃಷ್ಟಿನರದ ಉರಿಯೂತದಲ್ಲಿ, ಅದರಲ್ಲೂ ಎರಡೂ ಕಣ್ಣಿಗೆ ಒಟ್ಟಿಗೆ ಬಂದಾಗ, ಇದು ಮೊದಲು ಹುಡುಕಬೇಕಾದ ಕಾರಣಗಳಲ್ಲಿ ಒಂದು. ಈ ಕಾಯಿಲೆಯ ರೋಗನಿರ್ಣಯದ ಮಾನದಂಡಗಳನ್ನು ಅಂತರರಾಷ್ಟ್ರೀಯ ತಜ್ಞರ ಗುಂಪು ಪ್ರಕಟಿಸಿದ್ದು 2023ರಲ್ಲಿ. ಅಂದರೆ ನಮ್ಮಲ್ಲಿ ಅನೇಕರು ಓದಿ ಮುಗಿಸಿದ ಮೇಲೆ ಬಂದ ತಿಳಿವಳಿಕೆ ಇದು. ಇದರಲ್ಲಿ ಸ್ಟೀರಾಯ್ಡಿಗೆ ಚೇತರಿಕೆ ಚೆನ್ನಾಗಿರುತ್ತದೆ, ಆದರೆ ಸ್ಟೀರಾಯ್ಡನ್ನು ಬೇಗ ಇಳಿಸಿದರೆ ಮರುಕಳಿಸುವ ಸ್ವಭಾವವೂ ಅಷ್ಟೇ ಗಟ್ಟಿ. ಅದಕ್ಕಾಗಿ ಮನೆಯಲ್ಲಿ ಕೊಡಬೇಕಾದ ಸ್ಟೀರಾಯ್ಡ್ ಮಾತ್ರೆಯನ್ನು ಮೂರು ತಿಂಗಳಲ್ಲಿ ನಿಧಾನವಾಗಿ ಇಳಿಸುವ ಪಟ್ಟಿ ಮಾಡಿ ಕೊಟ್ಟಿದ್ದರು.

ನಾಲ್ಕನೇ ವಾರ ಮಾತ್ರೆ ನಿಂತಿತು. ಮಗುವಿನ ಮುಖ ಊದಿ, ಹಸಿವು ಹೆಚ್ಚಿ, ರಾತ್ರಿ ನಿದ್ದೆಯಿಲ್ಲದೆ ಅಳುತ್ತಿದ್ದಳು. ಹಬ್ಬಕ್ಕೆ ಬಂದ ನೆಂಟರು ಸ್ಟೀರಾಯ್ಡ್ ಮೂಳೆ ತಿನ್ನುತ್ತದೆ ಎಂದರು. ಕಣ್ಣು ಹೇಗೂ ಕಾಣುತ್ತಿದೆ. ಮಾತ್ರೆ ನಿಲ್ಲಿಸಿದವರು ಅಜ್ಜಿ, ಪ್ರೀತಿಯಿಂದಲೇ ನಿಲ್ಲಿಸಿದರು. ಹನ್ನೆರಡನೇ ದಿನ ಎಡಗಣ್ಣು 6/60ಕ್ಕೆ ಬಿತ್ತು.

ಇದರಲ್ಲಿ ನನ್ನ ಪಾಲಿದೆ. ಮಾತ್ರೆಯ ಪಟ್ಟಿಯನ್ನು ನಾನು ವಿವರಿಸಿದ್ದು ತಂದೆಗೆ, ಮನೆಯಲ್ಲಿ ಮಾತ್ರೆ ಕೊಡುತ್ತಿದ್ದವರು ಅಜ್ಜಿ. ಎಷ್ಟು ಮಾತ್ರೆ ಎಂದು ಹೇಳಿದ್ದೆ. ಯಾಕೆ ಇಷ್ಟು ನಿಧಾನ, ಮುಖ ಊದುವುದು ಯಾವಾಗ ಇಳಿಯುತ್ತದೆ, ತಟ್ಟನೆ ನಿಲ್ಲಿಸಿದರೆ ಕಣ್ಣಿಗಷ್ಟೇ ಅಲ್ಲ, ದೇಹ ತಾನೇ ತಯಾರಿಸಿಕೊಳ್ಳುವ ಸ್ಟೀರಾಯ್ಡ್ ಇನ್ನೂ ಎಚ್ಚೆತ್ತಿರುವುದಿಲ್ಲವಾದ್ದರಿಂದ ಜೀವಕ್ಕೂ ಅಪಾಯ ಎಂದು ಹೇಳಿರಲಿಲ್ಲ. ಎರಡನೇ ಸಲ ಐದು ದಿನದ ಚಿಕಿತ್ಸೆಯ ನಂತರ ಅಜ್ಜಿಯನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದೆ: ಹುಳು ಹಣ್ಣಾಗುವ ಮೊದಲು ಚಂದ್ರಿಕೆಗೆ ಬಿಟ್ಟರೆ ಏನಾಗುತ್ತದೋ ನರ ಗಟ್ಟಿಯಾಗುವ ಮೊದಲು ಮಾತ್ರೆ ಬಿಟ್ಟರೂ ಅದೇ. ಆರು ತಿಂಗಳ ಪಟ್ಟಿಯಲ್ಲಿ ಅವರು ಆಮೇಲೆ ಒಂದು ದಿನವೂ ತಪ್ಪಲಿಲ್ಲ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ದೀರ್ಘಕಾಲದ ಔಷಧಿಯನ್ನು ಆಗಲೇ ಶುರು ಮಾಡಬೇಕೇ ಎಂಬುದು ಮಕ್ಕಳ ನರರೋಗ ತಜ್ಞರ ಮುಂದಿದ್ದ ಕಠಿಣ ಪ್ರಶ್ನೆ. ಮರುಕಳಿಕೆ ಬಂದದ್ದು ಮಾತ್ರೆ ನಿಂತ ಬೆನ್ನಿಗೇ ಆದ್ದರಿಂದ, ಅದನ್ನು ರೋಗದ ಹಟವೆಂದು ಎಣಿಸದೆ ಔಷಧಿಯ ಕೊರತೆಯೆಂದು ಎಣಿಸಿ, ಇನ್ನೊಂದು ದಾಳಿ ಬಂದರೆ ಮಾತ್ರ ಶುರು ಮಾಡುವುದೆಂದು ತೀರ್ಮಾನಿಸಿದರು. ಈವರೆಗೆ ಬಂದಿಲ್ಲ.

6/6 ಕಾಣುವ ಮಗುವಿಗೆ ಕಾಣದ್ದು

ಆರು ತಿಂಗಳಿಗೆ ಬಲಗಣ್ಣು 6/9, ಎಡಗಣ್ಣು 6/6. ಚಾರ್ಟಿನ ಪ್ರಕಾರ ಪ್ರಕರಣ ಮುಗಿದಂತೆ. ಆದರೆ ಕಣ್ಣಿನ ಒಳಪದರಗಳ ದಪ್ಪ ಅಳೆಯುವ ಒಸಿಟಿ ಸ್ಕ್ಯಾನಿನಲ್ಲಿ ಬಲಗಣ್ಣಿನ ನರತಂತುಗಳ ಪದರ 62 ಮೈಕ್ರಾನ್, ಎಡಗಣ್ಣಿನದು 81; ಆರೋಗ್ಯವಂತ ಮಗುವಿನಲ್ಲಿ ಅದು 100ರ ಆಸುಪಾಸು ಇರುತ್ತದೆ. ಇಶಿಹರ ಬಣ್ಣದ ಪರೀಕ್ಷೆಯ 17 ಪುಟಗಳಲ್ಲಿ ಬಲಗಣ್ಣು ಓದಿದ್ದು 9. ತಂತು ಇಷ್ಟು ತೆಳುವಾಗಿಯೂ ಅಕ್ಷರ ಓದಬಲ್ಲವರಾಗುವುದು ಎಂಒಜಿ ಕಾಯಿಲೆಯ ಮಕ್ಕಳಲ್ಲಿ ಕಾಣುವ ಸಂಗತಿ. ಚಾರ್ಟು ಅಳೆಯುವುದು ಬಿಳಿಯ ಮೇಲಿನ ಕಡುಗಪ್ಪನ್ನು. ಮಗು ದಿನವಿಡೀ ನೋಡುವುದು ಅದನ್ನಲ್ಲ.

ಶಾಲೆಯಿಂದ ದೂರು ಬಂತು: ಕಾಗುಣಿತ ಕೆಟ್ಟಿದೆ, ಗಮನವಿಲ್ಲ. ನೋಟುಪುಸ್ತಕ ತರಿಸಿ ನೋಡಿದೆ. ‘ಹಕ್ಕಿ’ ‘ಹಕಿ’ಯಾಗಿತ್ತು, ‘ಧನ’ ‘ದನ’ವಾಗಿತ್ತು, ‘ಫಲ’ ‘ಪಲ’ವಾಗಿತ್ತು. ತಪ್ಪುಗಳಿಗೆ ಒಂದು ಕ್ರಮವಿತ್ತು. ಬಿಟ್ಟುಹೋದದ್ದೆಲ್ಲ ಕೆಳಗಿನ ಒತ್ತಕ್ಷರ ಅಥವಾ ಮಹಾಪ್ರಾಣದ ಸೀಳುಗೆರೆ. ಅಂದರೆ ಮಾಸಿದ ಹಲಗೆಯ ಮೇಲೆ ಮಾಸಿದ ಸುಣ್ಣದಕಡ್ಡಿಯಲ್ಲಿ ಮೊದಲು ಅಳಿಸಿಹೋಗುವ ಭಾಗ. ಪಠ್ಯಪುಸ್ತಕದಿಂದ ನಕಲು ಮಾಡಿದ ಪುಟಗಳಲ್ಲಿ ಆ ತಪ್ಪುಗಳು ಇರಲಿಲ್ಲ. ತಪ್ಪುಗಳು ಮಧ್ಯಾಹ್ನದ ಪುಟಗಳಲ್ಲಿ ಹೆಚ್ಚು ಎಂಬುದನ್ನು ಗಮನಿಸಿದವರು ಟೀಚರು. ಮೈ ಬಿಸಿಯೇರಿದಾಗ ಮಯಲಿನ್ ಸವೆದ ನರದಲ್ಲಿ ಸಂಕೇತ ಹರಿಯುವುದು ತಡೆಯುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ 1890ರಲ್ಲಿಯೇ ಇದನ್ನು ವಿವರಿಸಿದ್ದರು. ತಗಡಿನ ಸೂರಿನ ತರಗತಿಯಲ್ಲಿ, ಆಟದ ಪೀರಿಯಡ್ಡಿನ ನಂತರ, ಆ ಮಗುವಿಗೆ ಹಲಗೆ ಮಂಜಾಗುತ್ತಿತ್ತು.

6/9 ದೃಷ್ಟಿಗೆ ಅಂಗವಿಕಲತೆಯ ಪ್ರಮಾಣಪತ್ರ ಸಿಗುವುದಿಲ್ಲ, ಆದ್ದರಿಂದ ಶಾಲೆಯಿಂದ ಅನುಕೂಲ ಕೇಳಲು ಕೈಯಲ್ಲಿ ಕಾಗದವಿಲ್ಲ. ಆ ಟೀಚರ ಒಳ್ಳೆಯತನವೇ ಆಧಾರವಾಯಿತು. ನಾನು ಬರೆದ ಪತ್ರವನ್ನು ಓದಿ ಅವರು ಮಗುವನ್ನು ಮೊದಲ ಸಾಲಿಗೆ ತಂದರು, ಹಲಗೆಗೆ ಹೊಸ ಕಪ್ಪು ಬಣ್ಣ ಬಳಿಸಿದರು, ಕನ್ನಡ ಪಾಠವನ್ನು ಬೆಳಗಿನ ಹೊತ್ತಿಗೆ ಬದಲಿಸಿದರು, ಆಟದ ನಂತರ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಹತ್ತು ನಿಮಿಷ ನೆರಳಲ್ಲಿ ಕೂರಲು ಬಿಟ್ಟರು. ಎರಡು ತಿಂಗಳಲ್ಲಿ ಒತ್ತಕ್ಷರಗಳು ಮರಳಿ ಬಂದವು.

ಮನೆಯಲ್ಲಿ ಅಜ್ಜಿಗೆ ಒಂದು ಕೆಲಸ ಒಪ್ಪಿಸಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಮಗುವಿನ ಒಂದೊಂದೇ ಕಣ್ಣು ಮುಚ್ಚಿ ಕುಂಕುಮದ ಭರಣಿ ತೋರಿಸುವುದು. ಹಿಂದಿನ ವಾರಕ್ಕಿಂತ ಮಾಸಿದೆ ಎಂದರೆ ಅಂದೇ ಫೋನ್ ಮಾಡುವುದು. ಕಳೆದ ಬೇಸಿಗೆಯಲ್ಲಿ ಒಮ್ಮೆ ಫೋನ್ ಬಂತು. ಮಗುವಿಗೆ ಶೀತಜ್ವರ, ಎಡಗಣ್ಣಿಗೆ ಕುಂಕುಮ ಸಪ್ಪೆ. ಎರಡು ಗಂಟೆಯಲ್ಲಿ ಕರೆತಂದರು. ಕಣ್ಣು ತಿರುಗಿಸಿದರೆ ನೋವಿರಲಿಲ್ಲ, ಟಾರ್ಚಿನ ಬೆಳಕಿಗೆ ಪಾಪೆಗಳು ಹಿಂದಿನ ತಪಾಸಣೆಯಲ್ಲಿದ್ದಂತೆಯೇ ವರ್ತಿಸಿದವು, ನರದ ತಲೆ ಊದಿರಲಿಲ್ಲ. ಸ್ಟೀರಾಯ್ಡ್ ಶುರು ಮಾಡದೆ, ಜ್ವರಕ್ಕೆ ಮಾತ್ರೆ ಕೊಟ್ಟು, ಮರುದಿನ ಬೆಳಿಗ್ಗೆ ಮತ್ತೆ ನೋಡುವುದೆಂದು ತೀರ್ಮಾನಿಸಿದೆ. ಬೆಳಿಗ್ಗೆ ಮೈ ತಣ್ಣಗಾಗಿತ್ತು, ಕೆಂಪು ಕೆಂಪಾಗಿಯೇ ಕಂಡಿತು. ಸುಮ್ಮನೆ ಗಾಬರಿಯಾಗಿ ಬಂದೆನಲ್ಲ ಎಂದು ಅಜ್ಜಿ ನೊಂದುಕೊಂಡರು. ಹೀಗೆಯೇ ಬರಬೇಕು, ಪ್ರತಿ ಸಲವೂ ಬರಬೇಕು ಎಂದೆ.

ಈಗ ಅವಳ ತಪಾಸಣೆಯ ದಿನವನ್ನು ನಾವು ಬೆಳೆಯ ಲೆಕ್ಕದಲ್ಲಿ ಗೊತ್ತುಮಾಡುತ್ತೇವೆ. ಮುಂದಿನ ಒಸಿಟಿ ಈ ಬೆಳೆಯ ಮೂರನೇ ಜ್ವರದ ದಿನ. ಅಂದು ಹುಳು ಸೊಪ್ಪು ಮುಟ್ಟುವುದಿಲ್ಲ, ಮನೆಯವರಿಗೆ ಒಂದು ಹಗಲಿನ ಬಿಡುವಿರುತ್ತದೆ.